ನೀರಿನ ಗಂಟೆ

ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ
ಶಹಾಬಾದದ ನಮ್ಮ ಸಾಲಿಯಲ್ಲಿ ನೀರಿನ ಗಂಟೆ.
ಗಂಟೆಯೆಂದರೆ ರೈಲು ಹಳಿಯ ತುಂಡು,
ಬಾರಿಸುವವನು ಏಳನೇತ್ತೆಯ ಮಲ್ಲಣ್ಣ.

ಹುಡುಗರು ಗಟಗಟ ಕುಡಿದು
ಉಳಿದದ್ದು ಒಬ್ಬರ ಮೇಲೊಬ್ಬರು ಚೆಲ್ಲಿ
ಪರಸಿಕಲ್ಲಿನ ಮೇಲೆ ಹಸಿ ಹೆಜ್ಜೆ ಬಿಟ್ಟು
ಅವು ಆರುವುದರೊಳಗೆ ಒಳಗೆ.

ಜಗದೇವಿ ಮಾತ್ರ
ಮುಚ್ಚಳ ತಿರುವಿ, ತುಟಿ ತೋಯಿಸಿ, ಮತ್ತೆ ಮುಚ್ಚುತ್ತಾಳೆ.
ಸಂಜೆಗೂ ಬಾಟಲಿ ತುಂಬಿದ್ದು ತುಂಬಿದ ಹಾಗೇ.

ನಾನು ವಿಜ್ಞಾನದ ಮೇಡಂ.
ಬೋರ್ಡಿನ ಮೇಲೆ ಮೂತ್ರಪಿಂಡ ಬರೆದೆ,
ಅವರೆಕಾಳಿನಂತೆ ಎಂದೆ.
ಐದು ರೂಪಾಯಿ ಪಾಕೀಟಿನ ಉಪ್ಪು,
ನಾಲಿಗೆ ಕೆಂಪಾಗುವ ಶರಬತ್ತು, ಎಲ್ಲ ಬೈದೆ.
‘ನೀರೇ ಅಮೃತ’, ಮೂರು ಸಲ ಬರೆಸಿದೆ.
ಜಗದೇವಿಯ ಅಕ್ಷರ ಎಲ್ಲರಿಗಿಂತ ಚಂದ.

ಮಧ್ಯಾಹ್ನ ಊಟದ ತಾಟು ತೊಳೆಯುತ್ತ
ನನ್ನ ಕಡೆ ನೋಡದೆ ಅಂದಳು:
“ಕುಡದ್ರ ಹೋಗಬೇಕಾಗ್ತದ್ರಿ ಮೇಡಂ.
ಅಲ್ಲಿ ಬಾಗಲಿಗಿ ಚಿಲಕಿಲ್ರಿ.”

ಆರು ವರ್ಷ ನಾನೂ
ಮನೆ ಮುಟ್ಟುವ ತನಕ ಬಾಯಿ ಒಣಗಿಸಿಕೊಂಡೇ
ನೀರಿನ ಪಾಠ ಮಾಡಿದವಳು.
ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಶನಿವಾರ ವೆಲ್ಡಿಂಗಿನ ಮಶಾಕ ಬಂದ.
ಒಂದು ಚಿಲಕ, ನಾಕು ಸ್ಕ್ರೂ, ನೂರಾ ನಲವತ್ತು ರೂಪಾಯಿ.
ಚಹಾ ಬೇಡವೆಂದ, ನೀರು ಕೇಳಿದ.

ಸೋಮವಾರ ಹನ್ನೊಂದಕ್ಕೆ ಹಳಿ ಮೊಳಗಿತು.
ಜಗದೇವಿ ಮೊದಲು ಹೋಗಿ
ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ
ಅದರ ಸದ್ದು ಕೇಳಿಸಿಕೊಂಡು ಬಂದಳು.

ಆಮೇಲೆ ಬಾಟಲಿ ಎತ್ತಿದಳು.
ಆಕೆಯ ಗಂಟಲು ಏರಿಳಿಯುವುದನ್ನು
ನೋಡುತ್ತ ನಿಂತ ನನಗೆ
ಎಷ್ಟೊಂದು ನೀರಡಿಸಿತ್ತು.