ಹಕ್ಕು ಸಿಗದವನು

ನಿರ್ಮಾಪಕ ಕ್ರಾಸ್ತಾ ಹೇಳಿದ್ದು ಇಷ್ಟೆ:
ಐದು ಆಟಗಳ ಹೀರೋಗಳು ಒಂದೇ ಆಟದೊಳಗೆ ಬಂದು
ಬಡಿದಾಡುತ್ತಾರಲ್ಲ, ನಾಲ್ಕು ಭಾಗ ಬಂದಿದೆಯಂತೆ,
ಅದನ್ನು ಅಜ್ಜಿಯಿಂದ ಮೊಮ್ಮಗುವಿನವರೆಗೆ
ಒಂದೇ ಸಾಲಿನಲ್ಲಿ ಕೂತು ನೋಡುವ ಹಾಗೆ ಬರೆದುಕೊಡಿ.
ರಕ್ತ ಬೇಡ. ಮಧ್ಯಂತರಕ್ಕೆ ಮುಂಚೆ ಒಮ್ಮೆ ಕಣ್ಣೀರು ಬೇಕು.

ಉಪ್ಪಳದಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ
ಖಾಲಿ ಹಾಳೆಯ ಮುಂದೆ ಮೂರು ದಿನ ಕೂತೆ.
ಆಟ ಆಡಿ ಗೊತ್ತಿಲ್ಲ ನನಗೆ.
ಕೆಳಗಿನ ಅಂಗಡಿಯ ನೌಫಲ್, ಹತ್ತನೇ ಕ್ಲಾಸು, ಗುರುವಾದ.
"ಇವಳು ಕತ್ತಿ. ಇವನು ಬೆಂಕಿ. ಇದು ಕಪ್ಪೆ, ಆದರೆ ರಾಜ.
ಇವನ ಲೋಕದಲ್ಲಿ ನೆಲವೇ ಇಲ್ಲ ಸಾರ್, ಬರೀ ಹಾರುವುದು."
ಮಾತೆಂತದ್ದು ಆಡ್ತಾರೆ?
"ಹಾ ಹೇಳ್ತಾರೆ. ಹುಫ್ ಹೇಳ್ತಾರೆ. ಸಾಯುವಾಗ ಒಂದು ಆ."
ಊಟ?
"ಕೆಂಪು ಸೀಸೆ ಸಿಕ್ಕಿದರೆ ಜೀವ ತುಂಬ್ತದೆ."
ಅಮ್ಮ?
ಬಹಳ ಹೊತ್ತು ಯೋಚಿಸಿದ.
"ಮೂರನೇ ಭಾಗದಲ್ಲಿ ಒಂದು ಫೋಟೋ ಉಂಟು."

ಹಾಗಾಗಿ ಮೊದಲು ಒಂದು ಅಡುಗೆಮನೆ ಬರೆದೆ.
ಕುಚ್ಚಲಕ್ಕಿ ಗಂಜಿ, ಹಲಸಿನ ಹಪ್ಪಳ,
ಕತ್ತಿಯವಳಿಗೆ ಕತ್ತಿ ಬದಿಗಿಟ್ಟು ಕೂರಲು ಒಂದು ಮಣೆ.
ಕಪ್ಪೆರಾಜನಿಗೆ ಬಾವಿಕಟ್ಟೆ.
ಬೆಂಕಿಯವನನ್ನು ಒಲೆಯ ಹತ್ತಿರ ನಿಲ್ಲಿಸಿದೆ;
ಮೊದಲ ಸಲ ಅವನಿಂದ ಯಾರಿಗೋ ಉಪಕಾರವಾಯಿತು.

ಕ್ರಾಸ್ತಾ ಫೋನು ಮಾಡಿದರು: ಐದು ಲೋಕದವರು ಮಾರಾಯ್ರೆ,
ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದು ಹೇಗೆ?
ಮಂತ್ರದ ಕಲ್ಲೋ, ಕಿವಿಗಿಡುವ ಯಂತ್ರವೋ ಬೇಕಲ್ಲ?
ನಾನು ಕಿಟಕಿ ತೆರೆದು ಫೋನನ್ನು ಹೊರಗೆ ಹಿಡಿದೆ.
ಬೂತಾಯಿ ಮಾರುವ ಬೀಪಾತುಮ್ಮ ಬ್ಯಾರಿಯಲ್ಲಿ ಕರೆದು,
ತುಳುವಿನಲ್ಲಿ ಚೌಕಾಸಿ ಮಾಡಿ, ಮಲಯಾಳದಲ್ಲಿ ಚಿಲ್ಲರೆ ಎಣಿಸಿ,
ಬೆಕ್ಕಿಗೆ ಮಾತ್ರ ಕನ್ನಡದಲ್ಲಿ ಬೈದಳು.
ಕೇಳಿತಾ? ಅಂದೆ.
ಅಷ್ಟು ರೇಟಾ? ಅಂದರು ಕ್ರಾಸ್ತಾ.

ಆಮೇಲೆ ವಕೀಲರ ಕಾಗದ.
ನಾಲ್ವರದ್ದು ಸರಿ. ಐದನೆಯವನ ಕಂಪೆನಿ ಮುಚ್ಚಿಹೋಗಿದೆ,
ಹಕ್ಕು ಯಾರದ್ದೆಂದು ಯಾರಿಗೂ ತಿಳಿಯದು.
ಹೆಸರು ಬೇಡ, ಕೊಡೆ ಬೇಡ, ಆ ಹಳದಿ ಬಣ್ಣವೂ ಬೇಡ.

ಕಾಗದದಲ್ಲಿ ಜನ ಕಳೆದುಹೋಗುವುದು ನನಗೆ ಹೊಸದಲ್ಲ.
ನನ್ನಪ್ಪ ದೂಮಪ್ಪ, ರೇಷನ್ ಕಾರ್ಡಿನ ಮಲಯಾಳದಲ್ಲಿ
ಧೂಮಪ್ಪನಾಗಿ, ಹೊಗೆಯಾಗಿ,
ತಿದ್ದಿಸಲು ಹನ್ನೊಂದು ಸಲ ಕಾಸರಗೋಡಿಗೆ ಹೋಗಿ ಬಂದರು.

ಅವನೊಬ್ಬ ಕುಳ್ಳ. ಹೊಡೆಯಲು ಬಾರದು.
ಬಿದ್ದರೆ ಕೊಡೆ ಬಿಚ್ಚಿ ಮೆಲ್ಲ ಇಳಿಯುತ್ತಾನೆ, ಅಷ್ಟೆ ವಿದ್ಯೆ.
ನಾಲ್ಕು ಭಾಗದಲ್ಲೂ ನೌಫಲ್ ಆರಿಸಿದ್ದು ಅವನನ್ನೇ.
ಎಷ್ಟು ಸಲ ಗೆದ್ದಿದ್ದಿ?
"ಗೆಲ್ಲಲಿಕ್ಕಲ್ಲ ಸಾರ್."

ಎಂಬತ್ತೊಂದನೇ ದೃಶ್ಯ. ತಲಪಾಡಿಯಲ್ಲಿ ಬಸ್ಸು ನಿಲ್ಲುತ್ತದೆ.
ನಾಲ್ವರೂ ಇಳಿಯುತ್ತಾರೆ. ಅಜ್ಜಿಯಂದಿರು ಅಳುತ್ತಾರೆ, ಅಳಲಿ.
ಹಿಂದಿನ ಸೀಟಿನಲ್ಲಿ, ನಮಗೆ ಬೆನ್ನು ಹಾಕಿ, ಒಬ್ಬ ಪ್ರಯಾಣಿಕ.
ಪಕ್ಕದಲ್ಲಿ, ಒದ್ದೆಯಾದ ಏನನ್ನೋ ಒರಗಿಸಿಟ್ಟಿದ್ದ ಹಾಗೆ
ರೆಕ್ಸಿನ್ನಿನ ಮೇಲೆ ಉದ್ದಕ್ಕೆ ಒಂದು ನೀರಿನ ಗೆರೆ.
ಎರಡು ಸೆಕೆಂಡು. ಮಾತಿಲ್ಲ.
ವಕೀಲರು ಓದಿದರು, ಏನೂ ಹೇಳಲಿಲ್ಲ.

ನಿನ್ನೆ ಅದನ್ನು ಅಂಗಡಿಯಲ್ಲಿ ನಿಂತು ನೌಫಲನಿಗೆ ಓದಿದೆ.
ಯಾರದೋ ಫೋನಿನ ಹೊಟ್ಟೆ ಬಿಚ್ಚಿಟ್ಟುಕೊಂಡು
ತಲೆ ಎತ್ತದೆ ಕೇಳಿದ.
ಮೇಜಿನ ಅಂಚಿನಲ್ಲಿ ಅವನ ಎರಡು ಹೆಬ್ಬೆರಳು
ಎಡ, ಎಡ, ಮತ್ತೆ ಕೆಳಗೆ ಒತ್ತಿ ಹಿಡಿದು
ಅವನನ್ನು ಬಸ್ಸಿನಿಂದ ಮೆಲ್ಲ ಇಳಿಸುತ್ತಿದ್ದವು.