ಮೂರು ಗೆಣ್ಣು

ಮೂವತ್ತೆರಡನೇ ಡ್ರಾಯರು ಎಳೆದರೆ
ನುಸಿಗುಳಿಗೆಯ ವಾಸನೆ. ಕಿಟಕಿಯಾಚೆ
ಕುಕ್ಕರಹಳ್ಳಿ ಕೆರೆ ಕಡೆಯಿಂದ ನೀರುಕಾಗೆಗಳ ಗದ್ದಲ.
ಸೂಜಿಗೆ ಸಿಕ್ಕ ಒಂದು ಕಡ್ಡಿ,
ಚೀಟಿಯಲ್ಲಿ ಮಾಸಿದ ಶಾಯಿ: ಕಡ್ಡಿಹುಳು, ಪೆರು.
ಬರೆದವರು ತೀರಿಕೊಂಡು ಎಷ್ಟೋ ವರ್ಷ.

ನನ್ನ ಕೆಲಸ ಇಷ್ಟು: ಕಂಡದ್ದನ್ನು ಬರೆಯುವುದು,
ಚಿತ್ರವೊಂದಕ್ಕೆ ಇನ್ನೂರೈವತ್ತು ರೂಪಾಯಿ,
ನೆರಳಿಗೆ ಚುಕ್ಕಿ, ಅಂಚಿಗೆ ಗೆರೆ,
ಊಹೆಗೆ ಜಾಗವಿಲ್ಲ.

ಮುಖ ಬರೆದೆ. ಮುಗಿಯಲೇ ಇಲ್ಲ ಮುಖ.
ನೆತ್ತಿಯ ಹತ್ತಿರ ಎರಡು ಗುಂಡು ಕಣ್ಣು,
ಅಲ್ಲಿಂದ ಬಾಯಿಗೆ ಇಳಿಯುವಷ್ಟರಲ್ಲಿ
ಪೆನ್ಸಿಲ್ಲನ್ನು ಎರಡು ಸಲ ಚೂಪು ಮಾಡಿದೆ.
ಮೀಸೆ ಮಾತ್ರ ಮುಖಕ್ಕಿಂತ ಮೋಟು,
ಯಾರೋ ಕೊಡಲು ಮರೆತು
ಹೊರಡುವಾಗ ಚೂರು ಅಂಟಿಸಿದ ಹಾಗೆ.
ರೆಕ್ಕೆ ಹುಡುಕಿದೆ. ಇಲ್ಲ.
ಇತ್ತೆನ್ನುವ ಗುರುತೂ ಇಲ್ಲ.

ಟೀ ಲೋಟ ಇಟ್ಟು ಜವರಪ್ಪ ಬಗ್ಗಿದ.
ಅಟೆಂಡರು, ಕೆರಗೋಡಿನವನು,
ಮೂವತ್ತು ವರ್ಷ ಈ ಡ್ರಾಯರುಗಳಿಗೆ ಗುಳಿಗೆ ಹಾಕಿದವನು;
ಅದಕ್ಕೂ ಮುಂಚೆ, ಬಿತ್ತನೆ ಕಬ್ಬಿಗೆ
ಮೂರು ಗೆಣ್ಣು ಬಿಟ್ಟು ತುಂಡು ಹಾಕುತ್ತಿದ್ದ ಕೈ.
ಲೆನ್ಸಿಗೆ ಕಣ್ಣಿಟ್ಟು ಪಾದ ಎಣಿಸಿದ.
"ಮೂರೇ ಗೆಣ್ಣು ಕಣವ್ವ.
ಕಡ್ಡಿಹುಳಕ್ಕೆ ಐದು. ಇದು ಅದಲ್ಲ.
ಹಿಂದ್ಲು ತೊಡೆ ನೋಡು, ವಸಿ ದಪ್ಪ ಐತೆ.
ಇದು ನೆಗೀತಿತ್ತು."

ನಾನೂ ಎಣಿಸಿದೆ. ಆರು ಕಾಲು, ಅಲ್ಲ, ಐದು,
ಒಂದು ಎಲ್ಲೋ ಅಂಚೆಯಲ್ಲಿ ಮುರಿದಿದೆ.
ಐದರಲ್ಲೂ ಮೂರು.
ಎದೆಯ ಮೊದಲ ತುಂಡೇ ಕೊಳವೆಯಾಗಿ ಚಾಚಿದೆ;
ಕಡ್ಡಿಹುಳದಲ್ಲಿ ಚಾಚುವುದು ನಡುತುಂಡು.
ಮಿಡತೆ.

ಗಣ, ಕುಟುಂಬ, ಜಾತಿ, ಪ್ರಭೇದ:
ನಲವತ್ತೊಂದು ವರ್ಷ ಈ ಮಿಡತೆ
ನೆಂಟನೂ ಅಲ್ಲದವರ ಮನೆಯಲ್ಲಿ ಮಲಗಿತ್ತು.
ನಿಲುವು ನೋಡಿ ಹೆಸರಿಟ್ಟವರು
ಕಾಲು ನೋಡಿರಲಿಲ್ಲ.

ಇಲ್ಲದ ಕಾಲನ್ನು ಚುಕ್ಕಿಗೆರೆಯಲ್ಲಿ ತೋರಿಸುವುದು ವಾಡಿಕೆ.
ಅದು ಹಿಂಗಾಲು.
ಒಂದೊಂದೇ ಚುಕ್ಕಿ ಇಡುತ್ತ ಹೋದೆ,
ಕೈ ಯಾಕೋ ಮಂಡಿಯನ್ನು ಮಡಿಸಿಬಿಟ್ಟಿತು,
ಈಗ ನೆಗೆಯುತ್ತದೆ ಅನ್ನುವ ಹಾಗೆ.
ಅಳಿಸಲಿಲ್ಲ.

ಹೊಸ ಚೀಟಿಯಲ್ಲಿ 'ಗುರುತಿಸಿದವರು' ಎಂದಿರುವ ಕಡೆ
ಜವರಪ್ಪನ ಹೆಸರು, ಶಾಯಿಯಲ್ಲೇ.
ಓದಿದ. ಇನ್ನೊಮ್ಮೆ ಓದಿದ.
"ನನ್ನೂ ಸೂಜಿಗೆ ಚುಚ್ಚುಬುಟ್ಯಲ್ಲವ್ವ," ಅಂದು
ಖಾಲಿ ಲೋಟ ಎತ್ತಿಕೊಂಡು ಹೋದ.