ಕಿವಿರು ಎತ್ತಿ ನೋಡುವುದು

ಮಲ್ಪೆ ಬಂದರಿನ ಹಿಂದೆ, ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ನಾನು ಲೆಕ್ಕ ಬರೆಯುವವಳು.
ಹದಿನೇಳು ವರ್ಷ. ಕೀಬೋರ್ಡಿನ ಸಂದಿಯಲ್ಲೂ ಉಪ್ಪು.

ಜುಲೈ ಕೊನೆ. ಬೋಟುಗಳೆಲ್ಲ ಮೈಗೆ ಮೈ ತಾಗಿಸಿ ನಿಂತು
ಮಳೆ ಬಿಟ್ಟಾಗಷ್ಟು ಬಣ್ಣ ಬಳಿಸಿಕೊಳ್ಳುತ್ತಿವೆ.
ಬಲೆ ಕಟ್ಟುವವರ ಬೆರಳು ಬಿಟ್ಟರೆ
ಇಲ್ಲಿ ಯಾವುದಕ್ಕೂ ಅವಸರವಿಲ್ಲ.
ಈ ಒಂದು ಇಮೇಲಿಗೆ ಮಾತ್ರ ಅವಸರ:

"ನಾಲ್ಕು ಗಂಟೆಯೊಳಗೆ ದಯವಿಟ್ಟು ಈ ಹೊಸ ಖಾತೆಗೆ ಹಾಕಿ.
ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ.
ಇಂಜಿನ್ ಪಾರ್ಟ್ಸಿನ ಬಿಲ್ಲು ಜೊತೆಗಿದೆ."
ಅಡಿಯಲ್ಲಿ ಧಣಿಗಳ ಹೆಸರು, ಜಯಕರ ತಿಂಗಳಾಯ.

ಧಣಿಗಳು ಕೆಳಗೆ ಅಮೋನಿಯಾ ಪೈಪಿನ ಬಳಿ ನಿಂತು
ಫಿಟ್ಟರನ್ನು ತುಳುವಿನಲ್ಲಿ ಬಯ್ಯುತ್ತಿರುವುದು
ಕಿಟಕಿಯಿಂದ ಕೇಳುತ್ತಿದೆ.
ಆಯುಷ್ಯದಲ್ಲಿ ಒಬ್ಬರಿಗೂ ದಯವಿಟ್ಟು ಎಂದವರಲ್ಲ.

ವಾರಿಜಕ್ಕ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ್ದಳು:
ಬಂಗುಡೆಯ ಬೆನ್ನಿನ ಹೊಳಪು ನಂಬಬೇಡ ಮಾರಾಯ್ತಿ,
ನೀರು ಚಿಮುಕಿಸಿದರೆ ಮೊನ್ನೆಯದೂ ಹೊಳೆಯುತ್ತದೆ.
ಕಿವಿರು ಎತ್ತು, ಕೆಂಪು ಉಂಟಾ ನೋಡು.
ಹೊಟ್ಟೆ ಒತ್ತು, ಗುಳಿ ಹಾಗೇ ಉಳಿದರೆ ಬಿಟ್ಟು ಏಳು.
ಮಾರುವವಳು ಬೇಗ ಬೇಗ ಅಂದರೆ
ಮತ್ತೂ ನಿಧಾನ ಮಾಡು.
(ಅವಳ ಬುಟ್ಟಿಯದ್ದನ್ನೇ ನಾನು ಎತ್ತಿ ನೋಡಿದಾಗ
ಅವಳಿಗೆ ಸಿಟ್ಟು ಬಂದಿತ್ತು, ಅದು ಬೇರೆ.)

ಹಾಗೇ ಎತ್ತಿದೆ. ಹೆಸರಿನ ಮೇಲೆ ಬಾಣ ತಂದಿಟ್ಟೆ, ಒತ್ತದೆ.
ಅಡಿಯಿಂದ ವಿಳಾಸ ತೇಲಿ ಬಂತು.
ಮರೈನ್ ಎಂಬಲ್ಲಿ ಮೊದಲ ಅಕ್ಷರ ಎಂ ಇರಬೇಕು.
ಎಂ ಅಲ್ಲ ಅದು. ಆರ್ ಒಂದು, ಎನ್ ಒಂದು,
ಸರ್ವಿಸ್ ರಿಕ್ಷಾದಲ್ಲಿ ಕೂತವರ ಹಾಗೆ ಒತ್ತೊತ್ತಿಗೆ.
ಬಿಲ್ಲಿನ ಹೆಸರು ಪಿಡಿಎಫ್ ಎಂದು ಮುಗಿದು
ಚುಕ್ಕಿಯಿಟ್ಟು ಮತ್ತೆ ಇಎಕ್ಸ್‌ಇ ಎಂದು ಬೆಳೆದಿತ್ತು,
ಬಾಲದ ಆಚೆ ಇನ್ನೊಂದು ಬಾಲ.
ನಮ್ಮ ಕಡಲಲ್ಲಿ ಅಂಥ ಮೀನಿಲ್ಲ.

ಇಷ್ಟೆಲ್ಲ ಗೊತ್ತಿರುವುದು ಜಾಣೆಯಾಗಿ ಅಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಶನಿವಾರ
ಕೊರಿಯರ್ ರಶೀದಿಯೆಂದು ಇಂಥದೊಂದನ್ನು ಬಿಡಿಸಿದ್ದೆ.
ಏನೂ ಆಗಲಿಲ್ಲ. ಪರದೆ ಒಮ್ಮೆ ಕಣ್ಣು ಮಿಟುಕಿಸಿತು.
ಮುಚ್ಚಿ ಮನೆಗೆ ಹೋಗಿ ನಂಗ್ ಹುರಿದೆ.
ಸೋಮವಾರ ಬಂದರೆ ಮೂರು ವರ್ಷದ ಲೆಕ್ಕ ಗಡ್ಡೆ ಕಟ್ಟಿತ್ತು.
ಯಾವ ಬೋಟಿಗೆ ಎಷ್ಟು ಐಸು, ಯಾರ ಬಾಕಿ ಎಷ್ಟು,
ಎಲ್ಲ ಇದೆ, ಒಂದೂ ಓದಲಾಗದು.
ಕರಗಿಸಿಕೊಡಲು ಹಣ ಕೇಳಿದರು, ಎಲ್ಲಿಯವರೋ.

ಯಾರು ತೆರೆದದ್ದು, ಎಂದು ಧಣಿಗಳು ಕೇಳಿದಾಗ
ಎಲ್ಲರ ಕಣ್ಣೂ ಆಗಷ್ಟೇ ಸೇರಿದ್ದ ನಿತೇಶನ ಕಡೆ ಹೋಯಿತು.
ನನ್ನದೂ ಹೋಯಿತು.
ಅವನ ಬುತ್ತಿ ಡಬ್ಬಿ ಈಗಲೂ ಕಪಾಟಿನ ಮೇಲಿದೆ,
ಅದರಲ್ಲಿ ನಾನು ಗುಂಡುಸೂಜಿ ಹಾಕಿಡುತ್ತೇನೆ.

ಹೊಸ ಹುಡುಗಿ ಸಫ್ರೀನಾಳಿಗೆ ಹೇಳಿಕೊಟ್ಟಿದ್ದೇನೆ,
ಅಪ್ಪಿತಪ್ಪಿ ತೆರೆದೇಬಿಟ್ಟರೆ ಮೊದಲು ನೆಟ್ಟಿನ ವಯರು ಕಿತ್ತುಬಿಡು,
ಆಮೇಲೆ ಕೂಗು, ಇಡೀ ಪ್ಲಾಂಟಿಗೆ ಕೇಳುವ ಹಾಗೆ,
ನಾಚಿಕೆ ಮಾಡಬೇಡ, ಯಾರೂ ಬಯ್ಯುವುದಿಲ್ಲ.
ಕೊನೆಯ ಮಾತು ನನಗೆ ಗೊತ್ತಿಲ್ಲದ್ದು.

ಕೆಳಗಿಳಿದು ಕೇಳಿದೆ, ಹೊಸ ಖಾತೆ ಏನಾದರೂ ಉಂಟಾ?
"ಎಂತ ಹೊಸತು, ಹಳೆಯದರಲ್ಲೇ ದುಡ್ಡಿಲ್ಲ" ಎಂದರು.
ಇಮೇಲಿನ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು,
"ಬಚಾವು. ಆ ನಿತೇಶ ಇದ್ದಿದ್ದರೆ ಇವತ್ತೂ..." ಎಂದರು.

ಅವತ್ತು ತೆರೆದದ್ದು ನಾನು, ಎಂದೆ.

ಅದೇ ಹೊತ್ತಿಗೆ ಫಿಟ್ಟರು ಕಂಪ್ರೆಸರ್ ಚಾಲೂ ಮಾಡಿದ.
ಎಂತದು, ಎಂದು ಧಣಿಗಳು ಕಿವಿಯನ್ನು ನನ್ನತ್ತ ವಾಲಿಸಿದರು.
ಒಂದು ಸಲ ಹೇಳುವಷ್ಟೇ ಧೈರ್ಯ ತಂದಿದ್ದೆ ನಾನು.